ಚಹಾದ ಮನೆ, ಕೇಳಿಕೆಯ ಬಯಲು

ಚೀನಾ ದೇಶದ ಚಹಾಮಂದಿರಗಳಲ್ಲಿ ಮೇಜಿನ ಮುಂದೆ ಕುಳಿತು, ಮುಚ್ಚಳದ ಬಟ್ಟಲಿನಿಂದ ಬಿಸಿ ಪಾನವನ್ನು ಗುಟುಕರಿಸುತ್ತ, ಎದುರಿನ ರಂಗದ ಮೇಲೆ ನಡೆಯುವ ಗಾನವನ್ನೋ ಕಥನವನ್ನೋ ನಾಟಕವನ್ನೋ ಸವಿಯುವ ಸಂಪ್ರದಾಯವೊಂದು ಸುಮಾರು ಸಾವಿರ ವರ್ಷಗಳಿಂದ ಬೆಳೆದುಬಂದಿದೆ. ಕೋಲಾರ ಸೀಮೆಯ ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಂಥ ಕಡೆಗಳಲ್ಲಿ ಇದೇ ರಸಾಸ್ವಾದವು ಬೇರೆಯೇ ಒಂದು ದಾರಿಯನ್ನು ಹಿಡಿಯಿತು. ಚೀನಾದಲ್ಲಿ ಪಾನಶಾಲೆಯು ಕಲೆಯನ್ನು ತನ್ನ ಮನೆಯೊಳಕ್ಕೆ ಕರೆದುಕೊಂಡಿತು. ಇಲ್ಲಿ ಊರ ಹೊರಗಿನ ಬಯಲಿನಲ್ಲಿ ತಾನಾಗಿ ನೆಲೆಸಿದ್ದ ಕಲೆಯು, ಬಹುಕಾಲದ ಮೇಲೆ, ಚಹಾದ ಒಲೆಯೊಂದನ್ನು ತನ್ನ ಅಂಚಿಗೆ ಎಳೆದುಕೊಂಡಿತು. ಈ ಭೇದವನ್ನು ಹಿಡಿದುಕೊಂಡು ಯೋಚಿಸಿದರೆ ಎರಡು ಸಮಾಜಗಳ ಆರ್ಥಿಕ ವ್ಯವಸ್ಥೆ, ಪಂಕ್ತಿಭೇದ, ದೈವಭಕ್ತಿ, ವಿರಾಮದ ಕಲ್ಪನೆ ಇವೆಲ್ಲವೂ ಒಂದೊಂದಾಗಿ ಗೋಚರಕ್ಕೆ ಬರುತ್ತವೆ.

ಚಹಾವನ್ನು ಕುರಿತ ಮೊದಲ ಶಾಸ್ತ್ರಗ್ರಂಥವನ್ನು ಲು ಯು ಎಂಬಾತನು 8ನೆಯ ಶತಮಾನದಲ್ಲಿ ರಚಿಸಿದನು. ಅವನ ದೃಷ್ಟಿಯೆಲ್ಲ ನೀರಿನ ಗುಣ, ಎಲೆಯ ಜಾತಿ, ಪಾತ್ರೆಯ ಬಣ್ಣ ಇವುಗಳ ಕಡೆಗಿತ್ತು. ಆ ಪಾನವು ಪಂಡಿತರ ಏಕಾಂತವನ್ನು ಬಿಟ್ಟು ಬೀದಿಗಿಳಿದದ್ದು ಸೋಂಗ್ ಅರಸರ ಕಾಲದಲ್ಲಿ. 1127ರಲ್ಲಿ ರಾಜಧಾನಿಯಾದ ಕೈಫೆಂಗ್ ನಗರವು ಶತ್ರುವಶವಾದ ಬಳಿಕ ದಕ್ಷಿಣಕ್ಕೆ ಓಡಿಬಂದ ಮೆಂಗ್ ಯುವಾನ್‌ಲಾವೊ ಎಂಬ ವೃದ್ಧನು ತನ್ನ ಯೌವನದ ಆ ಪಟ್ಟಣವನ್ನು ನೆನೆನೆನೆದು 1147ರಲ್ಲಿ ಒಂದು ಗ್ರಂಥವನ್ನು ಬರೆದಿಟ್ಟಿದ್ದಾನೆ. ಬೆಳಗಾಗುವುದಕ್ಕೆ ಮುಂಚೆಯೇ ದೀಪ ಹಚ್ಚುತ್ತಿದ್ದ ಚಹಾದಂಗಡಿಗಳೂ, ಕೆಲವು ಸಾವಿರ ಜನ ಹಿಡಿಸುತ್ತಿದ್ದ ವಿನೋದಮಂಟಪಗಳೂ ಅದರಲ್ಲಿ ಬರುತ್ತವೆ. ಮುಂದಿನ ರಾಜಧಾನಿಯಾದ ಹಾಂಗ್‌ಝೌ ನಗರದ ಚಹಾಮಂದಿರಗಳು ಗೋಡೆಗೆ ಪ್ರಸಿದ್ಧ ಚಿತ್ರಕಾರರ ಕೃತಿಗಳನ್ನು ತೂಗುಹಾಕಿ, ಋತುಋತುವಿನ ಹೂಗಳನ್ನು ಜೋಡಿಸಿಟ್ಟು ಗಿರಾಕಿಗಳನ್ನು ಸೆಳೆಯುತ್ತಿದ್ದುವು. ಧನಿಕರ ಮಕ್ಕಳು ವಾದ್ಯವನ್ನೂ ಹಾಡನ್ನೂ ಅಭ್ಯಾಸಮಾಡಲು ಕೂಡುತ್ತಿದ್ದ ಮಂದಿರಗಳೂ ಅಲ್ಲಿದ್ದುವು. ಅಂಥ ವಿನೋದಸ್ಥಾನಗಳಲ್ಲಿ ದಿನವೂ ಕಂತುಕಂತಾಗಿ ಕಥೆ ಹೇಳುತ್ತಿದ್ದವರ ಬಾಯಿಂದಲೇ ಮೂರು ರಾಜ್ಯಗಳ ಯುದ್ಧಕಥೆಯೂ ಜಲಾಶಯತೀರದ ವೀರರ ಕಥೆಯೂ ಬೆಳೆದು, ಕಾಲಾಂತರದಲ್ಲಿ ಚೀನೀ ಭಾಷೆಯ ಮಹಾಕಾದಂಬರಿಗಳಾದುವು. ಗಮಕಿಯ ಕಂಠದಲ್ಲಿ ಭಾರತವನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ಮಾರ್ಗವೇನೂ ಅಲ್ಲ.

ಮಂಚು ಚಕ್ರವರ್ತಿಗಳ ಕಾಲದಲ್ಲಿ ಪೀಕಿಂಗಿನ ಒಳಕೋಟೆಯಲ್ಲಿ ನಾಟಕಶಾಲೆಗಳಿಗೆ ನಿಷೇಧವಿತ್ತು. ಆದುದರಿಂದ ಅವು ಚಿಯೆನ್‌ಮೆನ್ ಹೆಬ್ಬಾಗಿಲಿನ ಹೊರಗೆ ಗುಂಪುಗೂಡಿದುವು, ಮತ್ತು ನಾಟಕಶಾಲೆಗಳೆಂದು ಕರೆದುಕೊಳ್ಳದೆ ಚಹಾತೋಟಗಳೆಂಬ ಹೆಸರನ್ನೇ ಧರಿಸಿದುವು. ಒಳಹೊಕ್ಕವನು ಕೊಡುತ್ತಿದ್ದುದು ಚಹಾದ ಹಣ. ನಾಟಕವು ಅದರೊಡನೆ ಬರುತ್ತಿತ್ತು. ಉದ್ದುದ್ದನೆಯ ಮೇಜುಗಳನ್ನು ರಂಗಕ್ಕೆ ಲಂಬವಾಗಿ ಇಟ್ಟಿದ್ದರಾಗಿ, ಪ್ರೇಕ್ಷಕನು ರಂಗದ ಕಡೆಗೆ ಮುಖವನ್ನಲ್ಲ, ಕಿವಿಯನ್ನು ತಿರುಗಿಸಿ ಕುಳಿತಿರುತ್ತಿದ್ದನು. ರಸಜ್ಞನಾದವನು ಕಣ್ಣುಮುಚ್ಚಿ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದನು. ಪರಿಚಾರಕರು ಬಿಸಿನೀರಿನಲ್ಲಿ ಹಿಂಡಿದ ಅಂಗವಸ್ತ್ರಗಳನ್ನು ಜನರ ತಲೆಯ ಮೇಲಿಂದ ಒಬ್ಬರಿಂದೊಬ್ಬರಿಗೆ ಎಸೆಯುವರು. ಕುಂಬಳಬೀಜದ ಸಿಪ್ಪೆ ನೆಲದ ತುಂಬ ಬಿದ್ದಿರುವುದು. ಈ ಗದ್ದಲವನ್ನೆಲ್ಲ ಸೀಳಿಕೊಂಡು ಹೋಗುವ ಕಂಠವಿದ್ದವನೇ ನಟ. ಮುಂದೆ ಜಗದ್ವಿಖ್ಯಾತನಾದ ಮೇ ಲಾನ್‌ಫಾಂಗ್ 1904ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಇಂಥದೇ ಒಂದು ಚಹಾತೋಟದ ರಂಗವನ್ನು ಮೊದಲು ಹತ್ತಿದನು. ಸ್ತ್ರೀಯರಿಗೆ ಅಲ್ಲಿ ಪ್ರವೇಶ ದೊರೆತದ್ದು 20ನೆಯ ಶತಮಾನದ ಆರಂಭದ ಬಳಿಕವೇ.

ಪಶ್ಚಿಮದ ಸಿಚುವಾನ್ ಪ್ರಾಂತದ ಚೆಂಗ್ಡು ಪಟ್ಟಣವಂತೂ ಚಹಾಮಂದಿರಗಳ ತೌರೆಂದೇ ಹೇಳಬೇಕು. 20ನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ಆ ಊರಿನ ಐನೂರು ಚಿಲ್ಲರೆ ಬೀದಿಗಳಿಗೆ ಸುಮಾರು 450 ಚಹಾಮಂದಿರಗಳಿದ್ದುವು. ವ್ಯಾಪಾರಿಗಳ ಒಪ್ಪಂದ, ನೆರೆಹೊರೆಯವರ ವ್ಯಾಜ್ಯದ ಪಂಚಾಯಿತಿ, ಕೂಲಿಯವನ ವಿಶ್ರಾಂತಿ, ಕಥೆಗಾರನ ಸಂಜೆ ಎಲ್ಲವೂ ಅಲ್ಲಿಯೇ. ಬಟ್ಟಲಿನ ಮುಚ್ಚಳವನ್ನು ಒಂದು ರೀತಿಯಲ್ಲಿಟ್ಟರೆ ಇನ್ನಷ್ಟು ನೀರು ಬೇಕೆಂದೂ, ಕುರ್ಚಿಯ ಮೇಲಿಟ್ಟುಹೋದರೆ ಮರಳಿ ಬರುವೆನೆಂದೂ ಪರಿಚಾರಕನು ತಿಳಿದುಕೊಳ್ಳುವನು. ಕ್ಷಣಮಾತ್ರದಲ್ಲಿ ಮುಖದ ಬಣ್ಣವನ್ನು ಬದಲಿಸುವ ಸಿಚುವಾನ್ ನಾಟಕದ ಚಮತ್ಕಾರಕ್ಕೆ ಈ ಊರಿನ ಚಹಾರಂಗಗಳು ಆಶ್ರಯವಿತ್ತುವು.

ಈಗ ನಮ್ಮ ಬಯಲಿಗೆ ಬರೋಣ. ಮುಳಬಾಗಿಲಿನ ಮೂಡಲಿಗೆ ಚಿತ್ತೂರು ಸೀಮೆ. ಆವಣಿ, ಬೈರಕೂರು, ದುಗ್ಗಸಂದ್ರ, ತಾಯಲೂರು ಹೋಬಳಿಗಳ ಜನರು ಮನೆಯಲ್ಲಿ ತೆಲುಗನ್ನೂ ಕಚೇರಿಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಎರಡನ್ನೂ ಬೆರೆಸಿಯೂ ಆಡುವುದು ವಾಡಿಕೆ. ಈ ದ್ವಿಭಾಷೆಯ ನೆಲದಲ್ಲಿ ಹುಟ್ಟಿದ ನಾಟ್ಯರೂಪವೇ ಕೇಳಿಕೆ. ಮೂಡಲಪಾಯ ಬಯಲಾಟದ ವಂಶದ್ದೇ ಆದರೂ ಆಂಧ್ರದ ವೀಧಿನಾಟಕದ ನೆರಳು ಅದರ ಮೇಲೆ ದಟ್ಟವಾಗಿ ಬಿದ್ದಿದೆ. ತೆಲುಗು ಪದ್ಯವೂ ಕನ್ನಡ ಮಾತೂ ಒಂದೇ ಪಾತ್ರದ ಬಾಯಲ್ಲಿ ಸಂಕೋಚವಿಲ್ಲದೆ ಕೂಡಿ ಬರುವುದನ್ನು ಇಲ್ಲಿ ಕಾಣಬೇಕು. ಕೈವಾರದ ನಾರೇಯಣ ಯತಿಗಳು ಎರಡು ಭಾಷೆಗಳಲ್ಲಿಯೂ ತತ್ತ್ವಪದಗಳನ್ನು ಹಾಡಿದುದು ಇದೇ ಸೀಮೆಯ ಗುಣದಿಂದ.

ರಾಗಿಯ ಕಟಾವು ಮುಗಿದು, ಕಣದ ಕೆಲಸ ತೀರಿ, ಹೊಸ ಮಳೆಗೆ ಇನ್ನೂ ಕೆಲವು ತಿಂಗಳಿರುವ ಬಿಡುವಿನಲ್ಲಿ ಕೇಳಿಕೆಯ ಅಭ್ಯಾಸವು ಆರಂಭವಾಗುತ್ತಿತ್ತು. ಊರಿನವರು ಗುರುವೊಬ್ಬನನ್ನು ಕರೆಸಿ, ಅವನ ಊಟ ವಸತಿಗಳನ್ನು ಮನೆಮನೆಗೆ ಹಂಚಿಕೊಂಡು, ತಮ್ಮ ಹುಡುಗರಿಗೆ ವಾರಗಟ್ಟಲೆ ಹೆಜ್ಜೆಯನ್ನೂ ಪದವನ್ನೂ ಹೇಳಿಸುವರು. ಹಗಲಿಡೀ ಕಪಿಲೆ ಹೊಡೆದ ರೈತನು ರಾತ್ರಿ ದುರ್ಯೋಧನನಾಗುವನು. ಕುರಿ ಕಾಯುವವನು ದ್ರೌಪದಿಯ ಸೀರೆಯುಟ್ಟು ನಿಲ್ಲುವನು. ಪ್ರದರ್ಶನದ ರಾತ್ರಿ ದೇವಸ್ಥಾನದ ಮುಂದಣ ಬಯಲಿನಲ್ಲಿ ಕಂಬ ನೆಟ್ಟು ಚಪ್ಪರ ಹಾಕಿ, ಹಿಂದಿನ ಕಾಲದಲ್ಲಿ ಎಣ್ಣೆಯ ಪಂಜುಗಳನ್ನೂ ಆಮೇಲೆ ಗ್ಯಾಸ್‌ಲೈಟುಗಳನ್ನೂ ಬೆಳಗಿಸಿ, ಮದ್ದಳೆ ತಾಳಗಳ ನಾದದಿಂದ ಊರನ್ನು ಕೂಡಿಸುವರು. ಇಬ್ಬರು ಹಿಡಿದ ತೆರೆಯ ಹಿಂದೆ ಪಾತ್ರವು ಗೆಜ್ಜೆಯ ಸದ್ದು ಮಾಡುತ್ತ ನಿಂತು, ಕಿರೀಟದ ತುದಿಯನ್ನೂ ಭುಜಕೀರ್ತಿಯ ಅಂಚನ್ನೂ ತೋರಿಸಿ ತೋರಿಸಿ ಮರೆಮಾಡುತ್ತ, ಜನರ ಕುತೂಹಲವು ತುಂಬಿ ಹರಿಯುವ ಹೊತ್ತಿಗೆ ಹೊರಬರುವ ಆ ತೆರೆಯ ಕುಣಿತಕ್ಕೆ ಸಮನಾದ ನಾಟಕೀಯ ಕ್ಷಣವನ್ನು ನಾನು ಬೇರೆಲ್ಲಿಯೂ ಕಂಡಿಲ್ಲವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಗಡಿಯಾಚೆಯ ಚಿತ್ತೂರು ಸೀಮೆಯ ದ್ರೌಪದಿಯ ಗುಡಿಗಳಲ್ಲಿ ಹಗಲು ಭಾರತದ ಹರಿಕಥೆ, ಇರುಳು ವೀಧಿನಾಟಕ, ಕಡೆಯ ದಿನ ಮಣ್ಣಿನಿಂದ ಮಾಡಿದ ದುರ್ಯೋಧನನ ಮಹಾಕಾಯದ ವಧೆ ಎಂಬ ಕ್ರಮದಲ್ಲಿ ದಿನಗಟ್ಟಲೆ ಉತ್ಸವವು ನಡೆಯುವುದುಂಟು.

ಈ ರಾತ್ರಿಗಳಿಗೆ ಹಣ ಕೊಟ್ಟವರು ಯಾರು? ಊರಿಗೆ ಊರೇ. ಮನೆಗಿಷ್ಟೆಂದು ವಂತಿಗೆ, ಕಣದಲ್ಲಿ ಅಳೆದುಕೊಟ್ಟ ರಾಗಿ, ಶ್ರೀಮಂತನ ಒಂದು ಜೊತೆ ಪಂಚೆ. ನೋಡುವವನು ಗಿರಾಕಿಯಾಗಿರಲಿಲ್ಲ, ಅವನು ಆಟಕ್ಕೆ ಪಾಲುದಾರ, ನಟನಿಗೆ ಅಣ್ಣನೋ ಮಾವನೋ. ಮಳೆಗಾಗಿ, ದನಕರುಗಳ ಕ್ಷೇಮಕ್ಕಾಗಿ, ಹರಕೆಗಾಗಿ ಆಡಿಸುವ ಆಟಕ್ಕೆ ದೇವರೇ ಮೊದಲ ಪ್ರೇಕ್ಷಕ. ಇಂಥ ಕಲೆಯನ್ನು ಒಂದು ಅಂಗಡಿಯ ಮಾಡಿನ ಕೆಳಗೆ ಸೇರಿಸಿ, ಪಾನದ ಬೆಲೆಯೊಡನೆ ಮಾರುವ ಯೋಚನೆ ಯಾರಿಗೂ ಹೊಳೆಯದಿದ್ದುದು ಸಹಜವಾದುದೇ.

ಇನ್ನೊಂದು ಕಾರಣವುಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಚಹಾಮಂದಿರವು ಬೆಳೆಯಬೇಕಾದರೆ ಯಾರು ಬೇಕಾದರೂ ಯಾರ ಪಕ್ಕದಲ್ಲಿಯಾದರೂ ಕುಳಿತು, ಯಾರೋ ತೊಳೆದ ಬಟ್ಟಲಿನಲ್ಲಿ ಯಾರೋ ಕಾಸಿದ ನೀರನ್ನು ಕುಡಿಯುವಷ್ಟು ಸಮಾಜವು ಸಡಿಲವಾಗಿರಬೇಕು. ನಮ್ಮಲ್ಲಿ ನೀರು ಮುಟ್ಟುವುದೇ ದೊಡ್ಡ ಪ್ರಶ್ನೆಯಾಗಿತ್ತು. ಮದರಾಸು ಮೈಸೂರು ಸೀಮೆಗಳಲ್ಲಿ ಕಾಫಿ ಕ್ಲಬ್ಬುಗಳು ತಲೆಯೆತ್ತಿದಾಗ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನ ಬೆಂಚು ಎಂಬ ಏರ್ಪಾಡು ಬಹುಕಾಲ ನಡೆಯಿತು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟವನ್ನು ಗೋಡೆಯ ಮೊಳೆಗೋ ಸೂರಿನ ಸಂದಿಗೋ ಸಿಕ್ಕಿಸಿಟ್ಟಿದ್ದು, ಕುಡಿದವನೇ ಅದನ್ನು ತೊಳೆದಿಡಬೇಕಾಗಿದ್ದ ಅಮಾನುಷ ಪದ್ಧತಿಯು ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಅಳಿಯಲಿಲ್ಲ. 1970ರ ದಶಕದಿಂದೀಚೆಗೆ ದಲಿತ ಸಂಘರ್ಷ ಸಮಿತಿಯಂಥ ಸಂಘಟನೆಗಳು ಹೋರಾಡಿದ ವಿಷಯಗಳಲ್ಲಿ ಈ ಲೋಟವೂ ಒಂದು. ಕೇಳಿಕೆಯ ಬಯಲಿನಲ್ಲಿಯೂ ಜಾತಿಜಾತಿಯ ಜನ ಬೇರೆಬೇರೆ ಮೂಲೆಗಳಲ್ಲಿ ಕುಳಿತರೆಂಬುದು ನಿಜ. ಆದರೆ ಆಕಾಶವು ಮಾಡಾಗಿದ್ದ ಕಡೆ, ತಮಟೆಯ ನಾದಕ್ಕೂ ಭಾಗವತನ ದನಿಗೂ ಬೇಲಿ ಹಾಕಲು ಬರುತ್ತಿರಲಿಲ್ಲ. ಕಿವಿಗೆ ಮೈಲಿಗೆಯನ್ನು ವಿಧಿಸುವುದು ಲೋಟಕ್ಕೆ ವಿಧಿಸಿದಷ್ಟು ಸುಲಭವಾಗಲಿಲ್ಲ.

ಚಹಾವು ಈ ಸೀಮೆಗೆ ತಾನಾಗಿ ಬಂದುದಲ್ಲ, ಅದನ್ನು ತಂದು ಕುಡಿಸಿದುದು. 1903ರಲ್ಲಿ ಚಹಾದ ರಫ್ತಿನ ಮೇಲೆ ಸುಂಕವನ್ನು ಕಟ್ಟಿ, ಆ ಹಣದಿಂದ ಪ್ರಚಾರ ನಡೆಸುವ ಏರ್ಪಾಡು ಸರ್ಕಾರದ ಕಾಯಿದೆಯಿಂದ ಆಯಿತು. 1930ರ ದಶಕದ ಮುಗ್ಗಟ್ಟಿನಲ್ಲಿ ಹೊರದೇಶದ ಬೆಲೆ ಕುಸಿದಾಗ ತೋಟದ ಒಡೆಯರ ದೃಷ್ಟಿಯು ದೇಶದ ಒಳಗಿನ ಕೋಟ್ಯಂತರ ಬಾಯಿಗಳ ಕಡೆಗೆ ಮತ್ತಷ್ಟು ತೀವ್ರವಾಗಿ ಹೊರಳಿತು. ರೈಲ್ವೆ ನಿಲ್ದಾಣ, ಕಾರ್ಖಾನೆ, ಜಾತ್ರೆಗಳಲ್ಲಿ ಚಹಾ ಕಾಸುವ ಕ್ರಮವನ್ನು ತೋರಿಸಿ ಕುಡಿಸುವ ಪ್ರಚಾರಕರು ಸಂಚರಿಸಿದರು. ಕಾಫಿಯ ನಾಡಾದ ಮೈಸೂರಿನಲ್ಲಿ ಬೆಲ್ಲದ ಕಾಫಿಯ ರುಚಿ ಹತ್ತಿದ್ದ ಬಡವರಿಗೆ, ಒಂದು ಹಿಡಿ ಪುಡಿಯಿಂದ ಹತ್ತು ಲೋಟ ಇಳಿಯುವ ಚಹಾವು ಅಗ್ಗವಾಗಿ ಕಂಡಿತು. ಕೋಲಾರದ ಚಿನ್ನದ ಗಣಿಗಳೂ ಇದಕ್ಕೆ ಅನುಕೂಲವಾದುವು: 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ರೈಲು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು, ಹಗಲಿರುಳೆನ್ನದೆ ಪಾಳಿಯ ಮೇಲೆ ದುಡಿಯುವ ಸಾವಿರಾರು ಕೂಲಿಗಳು. ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಿರಬೇಕಾದ ಜನರ ನಡುವೆಯೇ ಚಹಾದ ಒಲೆಗೆ ನಿಜವಾದ ಬೆಲೆ.

ಹಾಗೆ ಎಚ್ಚರವಿರಬೇಕಾದ ಇನ್ನೊಂದು ಸಭೆಯೇ ಕೇಳಿಕೆಯದು. ಬೆಳಕು ಹರಿಯುವವರೆಗೆ ನಡೆಯುವ ಆಟದ ಅಂಚಿನಲ್ಲಿ, ಆವಣಿಯ ದನಗಳ ಜಾತ್ರೆಯಂಥ ಕಡೆ ಗಾಡಿಗಳ ಸಾಲಿನ ನಡುವೆ, ಮೂರು ಕಲ್ಲಿನ ಒಲೆಯನ್ನೂ ಒಂದು ಹಲಗೆಯನ್ನೂ ಇಟ್ಟುಕೊಂಡು ಚಹಾದವನು ಕುಳಿತನು. ಪ್ರಸಂಗವು ಸಡಿಲವಾದಾಗ ಜನ ಅವನ ಕಡೆಗೆ ಎದ್ದುಬರುವರು. ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕನೆಂದು ಮದ್ದಳೆ ಸಾರಿದೊಡನೆ ಲೋಟವನ್ನು ಅರ್ಧಕ್ಕೆ ಬಿಟ್ಟು ಓಡುವರು. ಬಣ್ಣ ಹಚ್ಚಿದ ಭೀಮನು ಮೀಸೆ ಕೆಡದಂತೆ ತುಟಿ ಚಾಚಿ ಬಿಸಿ ಚಹಾ ಹೀರಿ ಮತ್ತೆ ರಂಗಕ್ಕೆ ನಡೆಯುವನು. ಚೀನಾದಲ್ಲಿ ನಟನು ಚಹಾದ ಅತಿಥಿ. ಇಲ್ಲಿ ಚಹಾದವನು ನಟನ ಆಶ್ರಿತ.

ಮುಂದೆ ಅಂಗಡಿಗೆ ಮಾಡು ಬಂತು, ಬೆಂಚು ಬಂತು, ರೇಡಿಯೊ ಬಂತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಸ್ಥಾಪಿಸಿದ ಆಕಾಶವಾಣಿಯೂ, 1955ರಲ್ಲಿ ಆರಂಭವಾದ ಬೆಂಗಳೂರು ನಿಲಯವೂ ಹರಿಕಥೆಯನ್ನು, ನಾಟಕವನ್ನು, ಹಾಡನ್ನು ಗಾಳಿಯಲ್ಲಿ ಹರಿಸಿದುವು. ರೇಡಿಯೊ ಇದ್ದ ಚಹಾದಂಗಡಿಗೆ ಜನ ಹೆಚ್ಚು. ಒಂದು ಲೋಟದ ನೆಪದಲ್ಲಿ ಇಡೀ ಸಂಜೆಯನ್ನು ಅಲ್ಲಿ ಕಳೆಯಬಹುದಾಗಿತ್ತು. ಚೀನಾದ ಮಾದರಿಗೆ ನಾವು ಅತಿ ಸಮೀಪಕ್ಕೆ ಬಂದುದು ಆಗಲೇ: ಪಾನಕ್ಕೆ ಹಣ, ಗಾನ ಅದರೊಡನೆ. ಕಲಾವಿದನು ಮಾತ್ರ ಕಣ್ಣಿಗೆ ಕಾಣುತ್ತಿರಲಿಲ್ಲ. ಇನ್ನೊಂದು ಹೋಲಿಕೆಯೂ ಉಂಟು: ರಾಜಕೀಯ ಮಾತನಾಡಬಾರದೆಂದು ನಮ್ಮ ಹೋಟೆಲುಗಳ ಗೋಡೆಯ ಮೇಲೆ ತೂಗುತ್ತಿದ್ದ ಹಲಗೆಯು ಪೀಕಿಂಗಿನ ಚಹಾಮಂದಿರಗಳಲ್ಲಿಯೂ ಇತ್ತು. ಲಾವೊ ಷೆ ಎಂಬ ಮಹಾಲೇಖಕನು 1957ರಲ್ಲಿ ಪ್ರಕಟಿಸಿದ ‘ಚಹಾಮಂದಿರ’ ನಾಟಕದಲ್ಲಿ, 1898ರಿಂದ ಅರ್ಧ ಶತಮಾನದ ಚೀನಾದ ಪತನವನ್ನೆಲ್ಲ ಒಂದೇ ಅಂಗಡಿಯ ಒಳಗೆ ತೋರಿಸುವಾಗ, ಅಂಕದಿಂದ ಅಂಕಕ್ಕೆ ಆ ಎಚ್ಚರಿಕೆಯ ಅಕ್ಷರಗಳು ದೊಡ್ಡದಾಗುತ್ತ ಹೋಗುತ್ತವೆ.

ಸಾಂಸ್ಕೃತಿಕ ಕ್ರಾಂತಿಯು 1966ರಲ್ಲಿ ಹೊತ್ತಿಕೊಂಡಾಗ ಆ ಲೇಖಕನೂ ಬಲಿಯಾದನು, ಅಲ್ಲಿನ ಚಹಾಮಂದಿರಗಳೂ ಬಾಗಿಲು ಮುಚ್ಚಿದುವು. 1979ರಲ್ಲಿ ಯಿನ್ ಷೆಂಗ್‌ಶಿ ಎಂಬಾತನು, ಕೆಲಸವಿಲ್ಲದ ತರುಣರನ್ನು ಕೂಡಿಸಿಕೊಂಡು, ಅದೇ ಚಿಯೆನ್‌ಮೆನ್ ಹೆಬ್ಬಾಗಿಲಿನ ಬಳಿ ಬೀದಿಯ ಬದಿಯಲ್ಲಿ ದೊಡ್ಡ ಬಟ್ಟಲಿನ ಚಹಾವನ್ನು ಎರಡು ಫೆನ್ ಕಾಸಿಗೆ ಮಾರಲು ತೊಡಗಿದನು. ಆ ಸಂಪಾದನೆಯಿಂದಲೇ 1988ರಲ್ಲಿ ಲಾವೊ ಷೆಯ ಹೆಸರಿನ ಚಹಾಮಂದಿರವು ಎದ್ದುನಿಂತಿತು. ಇಂದು ಅಲ್ಲಿಗೆ ಹೋದವರಿಗೆ ಒಂದೇ ಸಂಜೆಯಲ್ಲಿ ಪೀಕಿಂಗ್ ನಾಟಕದ ತುಣುಕು, ಕಸರತ್ತು, ಇಂದ್ರಜಾಲ, ಮುಖ ಬದಲಿಸುವ ಆಟ ಎಲ್ಲವೂ ಒಂದಾದ ಮೇಲೊಂದರಂತೆ ದೊರೆಯುತ್ತವೆ. ಪರದೇಶದ ಪ್ರವಾಸಿಗನಿಗಾಗಿ ಹೀಗೆ ತುಂಡರಿಸಿ ಬಡಿಸುವುದರಲ್ಲಿ ನಷ್ಟವಿದೆಯೆಂಬುದನ್ನು ನಾನು ಬಲ್ಲೆ. ಆದರೂ ಹತ್ತಾರು ಕಲಾವಿದರಿಗೆ ಪ್ರತಿನಿತ್ಯವೂ ರಂಗವನ್ನೂ ಅನ್ನವನ್ನೂ ಕೊಡುವ ಆ ಏರ್ಪಾಡನ್ನು ಕಂಡು ಹೊಟ್ಟೆಕಿಚ್ಚಾಗುತ್ತದೆ.

ಏಕೆಂದರೆ ಕೇಳಿಕೆಗೆ ಅಂಥ ನಿತ್ಯರಂಗವಿಲ್ಲ. ಅದು ವರ್ಷಕ್ಕೊಮ್ಮೆ ಬರುವ ಹರಕೆಯನ್ನೇ ನಂಬಿದ ಕಲೆ. ರೈತನ ಬಿಡುವು ಬೆಂಗಳೂರಿನ ಕೂಲಿಗೆ ಹೋಯಿತು, ಜಾತ್ರೆಯ ರಾತ್ರಿಯನ್ನು ಆರ್ಕೆಸ್ಟ್ರಾ ಹಿಡಿದುಕೊಂಡಿತು, ಗುರುಗಳು ಮುದುಕರಾದರು. 1887ರಲ್ಲಿ ಮುಳಬಾಗಿಲಿನಲ್ಲೇ ಜನಿಸಿದ ಡಿ. ವಿ. ಗುಂಡಪ್ಪನವರು ತಮ್ಮ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ತಾವು ಕಂಡ ಕಲೋಪಾಸಕರಿಗೆಂದೇ ಒಂದು ಸಂಪುಟವನ್ನು ಮೀಸಲಿಟ್ಟರು, ಕೇಳಿಕೆಯ ಗುರುಗಳಿಗೂ ಅಂಥ ಚಿತ್ರಕಾರನೊಬ್ಬನು ಬೇಕು, ಅವರ ಕೈಬರಹದ ಪ್ರತಿಗಳನ್ನು ಗೆದ್ದಲಿಗೆ ಬಿಡದೆ ನಕಲು ಮಾಡಿಸುವವರು ಬೇಕು, ತೆಲುಗು ಪದ್ಯವೆಂಬ ಕಾರಣಕ್ಕೆ ಕನ್ನಡದವರೂ ಕನ್ನಡದ ಮಾತೆಂಬ ಕಾರಣಕ್ಕೆ ತೆಲುಗಿನವರೂ ಅದನ್ನು ಕೈಬಿಡದಂತೆ ನೋಡುವ ಸಂಸ್ಥೆಯೊಂದು ಬೇಕು. ತಾಯಲೂರಿನಂಥ ಹೋಬಳಿಯಲ್ಲಿ ಚಹಾದಂಗಡಿಗಳಿಗೆ ಈಗ ಬರವಿಲ್ಲ, ಗುಡಿಯ ಮುಂದೆ ಬಯಲೂ ಉಳಿದಿದೆ. ರಾಗಿ ಕಣ ಮುಗಿದ ಮೇಲೆ ವಾರಕ್ಕೊಂದು ಸಂಜೆಯಾದರೂ ಗುರುವನ್ನು ಕರೆಸಿ ಹುಡುಗ ಹುಡುಗಿಯರಿಗೆ ಆ ತೆರೆಯ ಕುಣಿತವನ್ನು ಹೇಳಿಸುವ ಖರ್ಚನ್ನು ಆ ಅಂಗಡಿಗಳೂ ಪಂಚಾಯಿತಿಯೂ ಕೂಡಿ ವಹಿಸಬಾರದೇಕೆ?