ಹೂಡಿಕೆ ಆ್ಯಪ್‌ನ ಆಯ್ಕೆ

ಹೂಡಿಕೆ ಆ್ಯಪ್ ಎಂದರೆ ಷೇರು, ಮ್ಯೂಚುವಲ್ ಫಂಡ್, ಸಾಲಪತ್ರ ಮೊದಲಾದವುಗಳನ್ನು ಮೊಬೈಲ್ ಫೋನಿನ ಮೂಲಕ ಕೊಳ್ಳಲು ಮತ್ತು ಮಾರಲು ನೆರವಾಗುವ ತಂತ್ರಾಂಶ. ಭಾರತದಲ್ಲಿ ಷೇರು ವಹಿವಾಟಿನ ಆ್ಯಪ್ ನಡೆಸುವ ದಲ್ಲಾಳಿ ಸಂಸ್ಥೆಯು ಸೆಬಿಯಲ್ಲಿ ನೋಂದಣಿ ಪಡೆದಿರಬೇಕು. 1988ರಲ್ಲಿ ಸ್ಥಾಪನೆಯಾದ ಸೆಬಿಗೆ 1992ರಲ್ಲಿ ಶಾಸನಬದ್ಧ ಅಧಿಕಾರ ದೊರೆಯಿತು. ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳಾದ ಜೆರೋಧಾ (2010) ಮತ್ತು ಗ್ರೋ (2016) ಬೆಂಗಳೂರಿನಲ್ಲಿ ಆರಂಭವಾದವು.

ಆಸ್ತಿ ಇರುವ ಸ್ಥಳ

ಕೊಂಡ ಷೇರುಗಳು ಆ್ಯಪ್‌ನಲ್ಲಿ ಇರುವುದಿಲ್ಲ. ಅವು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ, ಹೂಡಿಕೆದಾರನ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ ಇರುತ್ತವೆ. ಆದ್ದರಿಂದ ಆ್ಯಪ್ ಬದಲಿಸಿದರೂ ಷೇರುಗಳನ್ನು ಬೇರೊಂದು ಸಂಸ್ಥೆಯ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಆ್ಯಪ್ ತೋರಿಸುವ ಮೊತ್ತವನ್ನು ಡಿಪಾಸಿಟರಿ ಕಳುಹಿಸುವ ವಿವರಪಟ್ಟಿಯೊಡನೆ ಹೋಲಿಸಿ ನೋಡುವುದು ಉತ್ತಮ.

ಗುರಿ

ಆ್ಯಪ್‌ಗಿಂತ ಮೊದಲು ಗುರಿಯನ್ನು ನಿರ್ಧರಿಸಬೇಕು. ಅನಾರೋಗ್ಯದಂತಹ ತುರ್ತಿಗೆ ಬೇಕಾಗುವ ಹಣವನ್ನು ಷೇರಿನಲ್ಲಿ ತೊಡಗಿಸುವುದು ಸೂಕ್ತವಲ್ಲ. ಅದಕ್ಕೆ ಬ್ಯಾಂಕ್ ಠೇವಣಿ ಸಾಕು. ನಿವೃತ್ತಿ, ಮಕ್ಕಳ ಉನ್ನತ ಶಿಕ್ಷಣದಂತಹ ದೂರದ ಗುರಿಗಳಿಗೆ ತಿಂಗಳ ಕಂತಿನ ಹೂಡಿಕೆಯಾದ ಎಸ್‌ಐಪಿ ಸೌಲಭ್ಯವುಳ್ಳ ಸರಳ ಆ್ಯಪ್ ಸಾಕಾಗುತ್ತದೆ.

ವೆಚ್ಚ

ದಲ್ಲಾಳಿ ಶುಲ್ಕ, ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ ಮತ್ತು ಫಂಡ್‌ನ ನಿರ್ವಹಣಾ ವೆಚ್ಚಗಳನ್ನು ಒಟ್ಟಿಗೆ ಗಮನಿಸಬೇಕು. 2013ರ ಜನವರಿಯಿಂದ ಮ್ಯೂಚುವಲ್ ಫಂಡ್‌ಗಳಲ್ಲಿ ಮಾರಾಟಗಾರರ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗಳು ಲಭ್ಯವಿವೆ. ಉದಾಹರಣೆಗೆ, 1 ಲಕ್ಷ ರೂಪಾಯಿ ವರ್ಷಕ್ಕೆ ಶೇ. 10ರಂತೆ ಬೆಳೆದರೆ 20 ವರ್ಷಗಳಲ್ಲಿ ಸುಮಾರು 6.73 ಲಕ್ಷವಾಗುತ್ತದೆ, ವೆಚ್ಚದಿಂದ ಬೆಳವಣಿಗೆ ಶೇ. 9ಕ್ಕೆ ಇಳಿದರೆ ಸುಮಾರು 5.60 ಲಕ್ಷ ಮಾತ್ರ.

ಅಪಾಯಗಳು

ಬಳಕೆಯ ಸುಲಭತೆಯು ಅತಿಯಾದ ವಹಿವಾಟಿಗೆ ಪ್ರೇರಣೆಯಾಗಬಹುದು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2021–22ರಿಂದ 2023–24ರ ಅವಧಿಯಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು.

ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಮ್ ಗುಂಪುಗಳಲ್ಲಿ ಬರುವ ಕೊಂಡಿಗಳ ಮೂಲಕ ನಕಲಿ ಆ್ಯಪ್‌ಗಳೂ ಹರಡುತ್ತವೆ. ಇವು ಪರದೆಯ ಮೇಲೆ ಸುಳ್ಳು ಲಾಭವನ್ನು ತೋರಿಸುತ್ತವೆ. ಹಣ ಹಿಂಪಡೆಯಲು ಹೋದಾಗ ಮತ್ತಷ್ಟು ಹಣ ಕೇಳುತ್ತವೆ. ಖಚಿತ ಲಾಭದ ಭರವಸೆ ಮತ್ತು ಖಾಸಗಿ ವ್ಯಕ್ತಿಯ ಖಾತೆಗೆ ಹಣ ಹಾಕುವಂತೆ ಕೇಳುವುದು ವಂಚನೆಯ ಮುಖ್ಯ ಲಕ್ಷಣಗಳು. ಸಂಸ್ಥೆಯ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ಪರಿಶೀಲಿಸಬಹುದು. ನೋಂದಾಯಿತ ಸಂಸ್ಥೆಯ ವಿರುದ್ಧದ ದೂರನ್ನು ಸೆಬಿಯ ‘ಸ್ಕೋರ್ಸ್’ ವ್ಯವಸ್ಥೆಯಲ್ಲಿ ಸಲ್ಲಿಸಬಹುದು. ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.