ದೊಡ್ಡ ಟರಾಂಟುಲಾ: ಹೊಸಬರಿಗೆ ಯಾವುದು?

ಟರಾಂಟುಲಾ ಎಂಬ ರೋಮಭರಿತ ಜೇಡವನ್ನು ಸಾಕುವ ಹವ್ಯಾಸ ಯುರೋಪು, ಅಮೆರಿಕಗಳಲ್ಲಿ ಬೇರೂರಿದೆ. ದೊಡ್ಡದನ್ನೇ ಬಯಸುವ ಹೊಸಬರನ್ನು ದಕ್ಷಿಣ ಅಮೆರಿಕದ ಗೋಲಿಯಾತ್ ಜೇಡ ಸೆಳೆಯುತ್ತದೆ. ತೂಕದಲ್ಲಿ ಜಗತ್ತಿನಲ್ಲೇ ದೊಡ್ಡದು. ಆದರೆ ಅದಕ್ಕೆ ಸದಾ ತೇವ ಬೇಕು. ಅದು ಉದುರಿಸುವ ರೋಮ ಚರ್ಮವನ್ನೂ ಕಣ್ಣನ್ನೂ ಉರಿಸುತ್ತದೆ. ಅದಕ್ಕಿಂತ ಈಶಾನ್ಯ ಬ್ರೆಜಿಲಿನ ಲಾಸಿಯೋಡೋರಾ ಪರಾಹಿಬಾನಾ ಲೇಸೆಂದು ನಾವು ಬಗೆಯುತ್ತೇವೆ. ಕಾಲು ಚಾಚಿದರೆ 20 ಸೆಂ.ಮೀ. ಮೀರುವ ಇದು ಗಟ್ಟಿಜೀವ. ಆಳವಾದ ಮಣ್ಣು, ನೀರಿನ ಬಟ್ಟಲು, ಆಹಾರಕ್ಕೆ ಜಿರಲೆಗಳಿದ್ದರೆ ಸಾಕು. ಕೈಗೆತ್ತಿಕೊಳ್ಳುವುದು ಮಾತ್ರ ಸಲ್ಲದು: ಇದರ ರೋಮವೂ ತುರಿಸುತ್ತದೆ, ಬಿದ್ದರೆ ಇದರ ಹೊಟ್ಟೆಯೊಡೆಯುತ್ತದೆ. ಪೊರೆ ಕಳಚಲು ಅಂಗಾತ ಮಲಗಿದಾಗ ಸತ್ತಿತೆಂದು ಎಸೆದವರುಂಟು! ಹೆಣ್ಣು ಹತ್ತು ವರ್ಷ ಮೀರಿ ಬದುಕುತ್ತದೆ.

ನಮ್ಮ ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲೂ ಪೊಯೆಸಿಲೋಥೇರಿಯಾ ಎಂಬ ಟರಾಂಟುಲಾಗಳಿವೆ. ವಯನಾಡಿನ ಮಕ್ಕಳು ಅವನ್ನು ಹಿಡಿಯದಂತೆ ಪೋಷಕರು ತಡೆಯಬೇಕು. ಅವು ಮಿಂಚಿನಂತೆ ಓಡುತ್ತವೆ, ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಕಾಡಬಹುದು.