ಉದ್ಯೋಗದ ಅರ್ಜಿಯಲ್ಲಿ ಹಳೆಯ ಕೇಸಿನ ವಿವರ: ಏನು ಬರೆಯಬೇಕು, ಯಾವ ಕಾಗದ ಇಡಬೇಕು



ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ "ನಿಮ್ಮ ಮೇಲೆ ಕೇಸು ದಾಖಲಾಗಿತ್ತೇ? ಶಿಕ್ಷೆ ಆಗಿದೆಯೇ?" ಎಂಬ ಕಾಲಂ ಇರುತ್ತದೆ. ಊರಜಗಳದ ಕೇಸೋ ಪ್ರತಿಭಟನೆಯ ಕೇಸೋ ಇದ್ದವರಿಗೆ ಅಲ್ಲಿ "ಇಲ್ಲ" ಎಂದು ಬರೆದುಬಿಡುವ ಆಸೆಯಾಗುತ್ತದೆ. ಕೇಸು ಸಣ್ಣದಿದ್ದರೂ ಆ ಸುಳ್ಳಿನಿಂದಲೇ ಕೆಲಸ ಹೋಗಬಹುದು. ಆದ್ದರಿಂದ ಸದಸ್ಯರ ಮಾಹಿತಿಗಾಗಿ ಮುಖ್ಯ ಅಂಶಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಪ್ರಶ್ನೆ ಓದಿ ಉತ್ತರಿಸಿ

ಬಂಧನ, ಕೇಸು, ಖುಲಾಸೆ, ಶಿಕ್ಷೆ ಇವು ಬೇರೆ ಬೇರೆ. ಶಿಕ್ಷೆಯ ಬಗ್ಗೆ ಮಾತ್ರ ಕೇಳಿದ್ದರೆ, ಖುಲಾಸೆಯಾದವರು "ಇಲ್ಲ" ಎನ್ನಬಹುದು. "ಎಂದಾದರೂ ಕೇಸು ದಾಖಲಾಗಿತ್ತೇ" ಎಂದಿದ್ದರೆ ಖುಲಾಸೆಯಾಗಿದ್ದರೂ, ರಾಜಿಯಾಗಿದ್ದರೂ ಬರೆಯಬೇಕು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಅದೂ ಶಿಕ್ಷೆಯೇ. "ದಂಡ ಕಟ್ಟಿದೆ, ಕೇಸು ಮುಗಿಯಿತು" ಎಂದು ಮರೆಯುವಂತಿಲ್ಲ.

ಸುಪ್ರೀಂ ಕೋರ್ಟ್ ಹೇಳಿದ್ದು

2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ನಿಯಮಗಳನ್ನು ಸ್ಪಷ್ಟಪಡಿಸಿತು. ಕೊಡುವ ಮಾಹಿತಿ ನಿಜವಿರಬೇಕು. ಕೇಳದ ವಿಷಯವನ್ನು ಮುಚ್ಚಿಟ್ಟರೆಂದು ದೂರುವಂತಿಲ್ಲ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ, ಮುಚ್ಚಿಟ್ಟಿದ್ದರೂ ಅಧಿಕಾರಿ ಮನ್ನಿಸಬಹುದು. ನಿಜ ಹೇಳಿದವರಿಗೆಲ್ಲ ಕೆಲಸ ಖಾತ್ರಿ ಎಂದಲ್ಲ. ಅವರ ಹಿನ್ನೆಲೆಯನ್ನು ಪರಿಶೀಲಿಸುವ ಹಕ್ಕು ಇಲಾಖೆಗೆ ಉಳಿದೇ ಇರುತ್ತದೆ.

ತಮಿಳುನಾಡು ಪೊಲೀಸ್ ಕೆಲಸ

ಇಲ್ಲಿನ ಪೊಲೀಸ್ ನೇಮಕಾತಿ ನಿಯಮ ಇನ್ನೂ ಬಿಗಿ. ಸಂಶಯದ ಲಾಭದಿಂದ ಅಥವಾ ದೂರುದಾರ ತಿರುಗಿಬಿದ್ದದ್ದರಿಂದ ಖುಲಾಸೆಯಾದವರನ್ನು ಕೇಸಿನಲ್ಲಿ ಭಾಗಿಯಾದವರೆಂದೇ ಪರಿಗಣಿಸುತ್ತಾರೆ. ಖುಲಾಸೆ ಯಾವ ಕಾರಣಕ್ಕೆ ಆಯಿತೆಂದು ತೀರ್ಪಿನಲ್ಲಿ ಓದಿ ತಿಳಿದುಕೊಂಡೇ ಅರ್ಜಿ ಹಾಕಿ.

ವಿನಾಯಿತಿಗಳು

18 ತುಂಬುವ ಮೊದಲಿನ ಪ್ರಕರಣ ಬಾಲನ್ಯಾಯ ಕಾಯ್ದೆಯಡಿ ತೀರ್ಮಾನವಾಗಿದ್ದರೆ, 2015ರ ಕಾಯ್ದೆಯ 24ನೇ ಕಲಮಿನಂತೆ ಅದು ಅನರ್ಹತೆಯಾಗುವುದಿಲ್ಲ. 16 ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆ ಎದುರಿಸಿದವರಿಗೆ ಇದು ಅನ್ವಯಿಸದು. 1958ರ ಪ್ರೊಬೇಷನ್ ಕಾಯ್ದೆಯಡಿ ಬಿಡುಗಡೆಯಾದವರಿಗೂ 12ನೇ ಕಲಮಿನ ರಕ್ಷಣೆಯಿದೆ. ಆದರೆ ಶಿಕ್ಷೆಯ ತೀರ್ಪು ಅಳಿಯುವುದಿಲ್ಲ, ಕೇಳಿದರೆ ಹೇಳಬೇಕು. ಬ್ರಿಟನ್ನಿನಲ್ಲಿ 1974ರ ಕಾಯ್ದೆಯಂತೆ ಅನೇಕ ಹಳೆಯ ಶಿಕ್ಷೆಗಳನ್ನು ಕೆಲವು ವರ್ಷಗಳ ನಂತರ ಹೇಳಬೇಕಿಲ್ಲ. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನಿಲ್ಲ.

ಗಡಿಯವರು ಗಮನಿಸಬೇಕಾದ್ದು

ಪಾಲಾರ್ ದಾಟಿದರೆ ಚಾಮರಾಜನಗರ ಜಿಲ್ಲೆ. ಆಚೆ ಬದಿಯ ಕೇಸು ಈಚೆ ಗೊತ್ತಾಗುವುದಿಲ್ಲ ಎಂದು ನಂಬಬೇಡಿ; ಇ-ಕೋರ್ಟ್ಸ್ ಜಾಲತಾಣದಲ್ಲಿ ಎರಡೂ ರಾಜ್ಯಗಳ ಪ್ರಕರಣಗಳನ್ನು ಹುಡುಕಬಹುದು. ಆಚೆಯ ತೀರ್ಪು ಕನ್ನಡದಲ್ಲಿದ್ದರೆ ಇಲ್ಲಿನ ಅಧಿಕಾರಿಗೆ ಓದಲಾಗದೆ ತಡವಾಗಬಹುದು. ಆದ್ದರಿಂದ ಇವನ್ನು ಮೊದಲೇ ಸಿದ್ಧವಿಟ್ಟುಕೊಳ್ಳಿ:

• ಎಫ್‌ಐಆರ್ ಪ್ರತಿ, ಠಾಣೆಯ ಹೆಸರು, ಕೇಸಿನ ಸಂಖ್ಯೆ
• ತೀರ್ಪಿನ ದೃಢೀಕೃತ ನಕಲು. ಕಡತ ನಾಶವಾಗಿದ್ದರೆ ಆ ಬಗ್ಗೆ ಹಿಂಬರಹ
• ತೀರ್ಪಿನ ಇಂಗ್ಲಿಷ್ ಅಥವಾ ತಮಿಳು ಅನುವಾದ
• ಭರ್ತಿ ಮಾಡಿದ ಅರ್ಜಿಯ ಒಂದು ಪ್ರತಿ

ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರು ಸೇಲಂ, ಧರ್ಮಪುರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಉಚಿತ ನೆರವು ಕೇಳಬಹುದು. ಸಹಾಯವಾಣಿ 15100. ಅರ್ಜಿಗೆ ಸಹಿ ಹಾಕುವ ಮುಂಚೆಯೇ ವಿಚಾರಿಸಿ; ಸಹಿ ಬಿದ್ದ ಮೇಲೆ ಅದು ನಿಮ್ಮದೇ ಹೇಳಿಕೆ.